ಕೈಗೆ ಕೆಲಸವಿದ್ದಾಗ

ಇಸಾಬೆಲ್ ಯುಪೇರ್ ಎಂಬ ಹೆಸರನ್ನು ಬರೆಯುವಾಗ ಫ್ರೆಂಚರು ಮನೆತನದ ಹೆಸರಿನ ಮೊದಲಿಗೊಂದು ಹಕಾರವನ್ನೂ ಕೊನೆಗೊಂದು ಟಕಾರವನ್ನೂ ಇಡುತ್ತಾರೆ. ಉಚ್ಚರಿಸುವಾಗ ಎರಡನ್ನೂ ನುಂಗಿಬಿಡುತ್ತಾರೆ. ಆಕೆಯ ಅಭಿನಯದ ಬಗ್ಗೆ ಜನ ಆಡುವ ಮಾತೂ ಹೆಚ್ಚುಕಡಿಮೆ ಇದೇ. ಒಳಗಿರುವುದನ್ನೆಲ್ಲ ನುಂಗಿಕೊಂಡು ನಡುವಿನದಷ್ಟನ್ನೇ ಹೊರಬಿಡುವ ನಟಿ, ಮಂಜುಗಡ್ಡೆ, ಒಗಟು, ತಣ್ಣಗಿನ ಮುಖ. ಪ್ಯಾರಿಸ್ಸಿನಲ್ಲಿ 1953ರಲ್ಲಿ ಹುಟ್ಟಿ, ಎಪ್ಪತ್ತರ ದಶಕದ ಆರಂಭದಿಂದ ಇವತ್ತಿನವರೆಗೆ ಬಿಡುವೇ ಇಲ್ಲದಂತೆ ದುಡಿದು, ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡವರನ್ನು ಒಂದು ವಿಶೇಷಣದಲ್ಲಿ ಕಟ್ಟಿಹಾಕುವುದು ಸುಲಭದ ಕೆಲಸವೇನಲ್ಲ; ಆದರೂ ಕಟ್ಟಿಹಾಕಿದ್ದಾರೆ. ಆಕೆಯ ಶ್ರೇಷ್ಠ ಚಿತ್ರಗಳು ಯಾವುವು ಎಂದು ಕೇಳಿದರೆ ಬರುವ ಪಟ್ಟಿಗಳೂ ಈ ವಿಶೇಷಣದ ಮಕ್ಕಳೇ. ಮೇಲಿನ ಎರಡು ಮೆಟ್ಟಿಲುಗಳ ಮೇಲೆ 'ಪಿಯಾನೊ ಟೀಚರ್' ಮತ್ತು 'ಎಲ್' ಕೂತಿರುತ್ತವೆ, ಕೆಳಗೆ ಉಳಿದವು ತಣ್ಣಗಾದ ಕ್ರಮದಲ್ಲಿ. ಪಟ್ಟಿಯ ಮೇಲೆ ನನಗೆ ದೊಡ್ಡ ತಕರಾರಿಲ್ಲ. ತಕರಾರು ಇರುವುದು ಅದರ ಹಿಂದಿರುವ ಕಾರಣದ ಮೇಲೆ. ಯುಪೇರ್ ವಿಷಯದಲ್ಲಿ ವಿಮರ್ಶಕರು ಅಕ್ಷರಶಃ ಮುಖ ನೋಡಿ ಮಣೆ ಹಾಕಿದ್ದಾರೆ. ಕೈ ನೋಡಿದ್ದರೆ ಬೇರೆಯದೇ ಕಾಣುತ್ತಿತ್ತು. ಆಕೆಯ ಪಾತ್ರಕ್ಕೆ ಮಾಡಲು ಒಂದು ಕೆಲಸವಿದ್ದು, ಆ ಕೆಲಸ ನಡೆಯುವಷ್ಟು ಹೊತ್ತು ಕ್ಯಾಮೆರಾ ಪಕ್ಕದಲ್ಲಿ ನಿಂತು ನೋಡಿದ ಚಿತ್ರಗಳೇ ಆಕೆಯ ಶ್ರೇಷ್ಠ ಚಿತ್ರಗಳು ಎಂಬುದು ನನ್ನ ವಾದ. ಮುಖದ ಮೌನಕ್ಕೆ ಅರ್ಥ ಬರುವುದು ಕೈ ಏನೋ ಮಾಡುತ್ತಿರುವುದರಿಂದ. ಕೈ ಖಾಲಿಯಾದ ಚಿತ್ರಗಳಲ್ಲಿ ಅದೇ ಮುಖ ಬರೀ ಒಗಟಿನ ಅಂಗಡಿಯಾಗುತ್ತದೆ.

ಮೊದಲ ಸಾಕ್ಷಿ ಹೆಸರಿನಲ್ಲೇ ಇದೆ. ಸ್ವಿಸ್ ನಿರ್ದೇಶಕ ಕ್ಲೋದ್ ಗೊರೆತ್ತಾ 1977ರಲ್ಲಿ ಮಾಡಿದ ಚಿತ್ರದ ಹೆಸರು 'ಲಾ ದಾಂತೆಲಿಯೇರ್', ಎಂದರೆ ಕಸೂತಿಯ ಜಾಲರಿ ಹೆಣೆಯುವವಳು. ಲೂವ್ರ್ ಸಂಗ್ರಹಾಲಯದಲ್ಲಿರುವ ವರ್ಮೀರನ ಪುಟ್ಟ ಚಿತ್ರವೊಂದರ ಹೆಸರೂ ಅದೇ. ಅದರಲ್ಲಿ ಹುಡುಗಿಯೊಬ್ಬಳು ತಲೆ ಬಗ್ಗಿಸಿ ದಾರದಲ್ಲಿ ಮುಳುಗಿದ್ದಾಳೆ, ನಮ್ಮನ್ನು ನೋಡುವ ಪುರುಸೊತ್ತು ಅವಳಿಗಿಲ್ಲ. ಸಿನಿಮಾದಲ್ಲಿ ಯುಪೇರ್ ಕ್ಷೌರದಂಗಡಿಯಲ್ಲಿ ಸಹಾಯಕಿ. ಗಿರಾಕಿಗಳ ತಲೆ ತೊಳೆಯುವುದು, ಬಿದ್ದ ಕೂದಲು ಗುಡಿಸುವುದು. ಹೆಸರು ಬೆಯಾತ್ರಿಸ್, ಎಲ್ಲರೂ ಕರೆಯುವುದು ಪಾಮ್ ಎಂದು, ಅಂದರೆ ಸೇಬು. ನಾರ್ಮಂಡಿಯ ಕಡಲತೀರದ ಕಾಬೂರ್ ಊರಿಗೆ ರಜೆಗೆ ಹೋದಾಗ ಫ್ರಾಂಸ್ವಾ ಎಂಬ ಸಾಹಿತ್ಯದ ವಿದ್ಯಾರ್ಥಿ ಸಿಗುತ್ತಾನೆ. ಪ್ಯಾರಿಸ್ಸಿಗೆ ಮರಳಿದ ಮೇಲೆ ಇಬ್ಬರೂ ಒಟ್ಟಿಗೆ ಬದುಕತೊಡಗುತ್ತಾರೆ. ಅವನಿಗೆ ಅವಳ ಮೇಲೆ ಪ್ರೀತಿ ಇಲ್ಲದಿಲ್ಲ. ಆದರೆ ಅವಳು ಮಾತಾಡಬೇಕು, ಓದಬೇಕು, ಬೆಳೆಯಬೇಕು ಎಂಬ ಹಟ ಅದಕ್ಕಿಂತ ದೊಡ್ಡದು. ಅವನ ಗೆಳೆಯರ ನಡುವೆ ಅವಳು ಮೂಕಿ. ಅವಳ ಜ್ಞಾನವೆಲ್ಲ ಬೆರಳಿನಲ್ಲಿದೆ, ಆ ಕೋಣೆಯಲ್ಲಿ ಚಲಾವಣೆಯಲ್ಲಿರುವ ನಾಣ್ಯ ಮಾತು. ಅವನು ಬಿಟ್ಟುಬಿಡುತ್ತಾನೆ, ಅವಳು ಕುಸಿಯುತ್ತಾಳೆ. ಕೊನೆಯಲ್ಲಿ ಮನೋರೋಗಿಗಳ ಆಸ್ಪತ್ರೆಯಲ್ಲಿ ಅವಳು ಒಂಟಿಯಾಗಿ ಕೂತು ಹೆಣೆಯುತ್ತಿರುತ್ತಾಳೆ. ಮೆಲ್ಲಗೆ ತಲೆ ತಿರುಗಿಸಿ ನೇರವಾಗಿ ನಮ್ಮನ್ನು ನೋಡುತ್ತಾಳೆ. ಈ ನೋಟದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನೋಟದ ಕೆಳಗಿರುವ ಸೂಜಿ ದಾರದ ಬಗ್ಗೆ ಬರೆದವರು ಕಡಿಮೆ. ಚಿತ್ರವನ್ನು ಮುಗಿಸುವ ಬರಹವೇ ಅವಳನ್ನು ಹಳೆಯ ಕಲಾವಿದರು ಚಿತ್ರಿಸುತ್ತಿದ್ದ ದುಡಿಯುವ ಹೆಂಗಸರ ಸಾಲಿಗೆ ಸೇರಿಸುತ್ತದೆ. ತಾಳ್ಮೆಯಿಂದ ನೋಡದಿದ್ದರೆ ಕಾಣದವರ ಸಾಲು ಅದು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಯುಪೇರ್ ತಮ್ಮ ಮುಂದಿನ ಐವತ್ತು ವರ್ಷಗಳ ಪಾಠವನ್ನು ಅಲ್ಲೇ ಕಲಿತರು ಎಂದು ನನಗನ್ನಿಸುತ್ತದೆ.

ಆ ಪಾಠವನ್ನು ಚೆನ್ನಾಗಿ ಅರ್ಥಮಾಡಿಕೊಂಡ ನಿರ್ದೇಶಕ ಕ್ಲೋದ್ ಶಬ್ರೋಲ್. 1978ರಿಂದ 2006ರವರೆಗೆ ಇಬ್ಬರೂ ಸೇರಿ ಏಳು ಚಿತ್ರ ಮಾಡಿದರು. ಊಟದ ಮೇಜು, ಅಡುಗೆಮನೆ, ಅಂಗಡಿ, ಕಚೇರಿ ಇವುಗಳಲ್ಲಿ ನಡೆಯುವ ಸಣ್ಣ ಸಣ್ಣ ಕ್ರಿಯೆಗಳಲ್ಲಿ ಕೊಲೆಯ ಬೀಜ ಕಾಣಬಲ್ಲ ಕಣ್ಣು ಶಬ್ರೋಲನದು. ಏಳರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು 1988ರ 'ಯೂನ್ ಅಫೇರ್ ದ ಫಾಮ್', ಹೆಂಗಸರ ವ್ಯವಹಾರ. ಇದಕ್ಕೆ ಆಧಾರ ಮಾರಿ-ಲೂಯಿ ಜಿರೋ ಎಂಬ ನಿಜವಾದ ಹೆಂಗಸಿನ ಬದುಕು. ಜರ್ಮನರ ಆಕ್ರಮಣದ ಕಾಲದಲ್ಲಿ ಶೆರ್ಬೂರ್ ಪ್ರದೇಶದಲ್ಲಿ 27 ಗರ್ಭಪಾತಗಳನ್ನು ಮಾಡಿಸಿದಳೆಂಬ ಆರೋಪದ ಮೇಲೆ 1943ರ ಜುಲೈ 30ರಂದು ಪ್ಯಾರಿಸ್ಸಿನಲ್ಲಿ ಅವಳ ತಲೆ ಕಡಿದರು. ಗಂಡಸರನ್ನು ಶತ್ರುವಿಗೆ ಒಪ್ಪಿಸಿ ಕೂತಿದ್ದ ಫ್ರಾನ್ಸಿನ ಅಂದಿನ ವಿಶೀ ಸರ್ಕಾರ ಹೆಂಗಸರ ಗರ್ಭವನ್ನು ಮಾತ್ರ ರಾಷ್ಟ್ರದ ಆಸ್ತಿಯೆಂದು ಕಾಯುತ್ತಿತ್ತು; 1942ರ ಕಾನೂನು ಗರ್ಭಪಾತವನ್ನು ರಾಜ್ಯದ ವಿರುದ್ಧದ ಅಪರಾಧವಾಗಿಸಿತ್ತು. ಶಬ್ರೋಲ್ ಈ ವಸ್ತುವನ್ನು ಹುತಾತ್ಮಳ ಕಥೆಯಾಗಿ ಹೇಳಬಹುದಿತ್ತು, ಹೇಳಲಿಲ್ಲ. ಯುಪೇರ್ ಆಡುವ ಮಾರಿ ಮೊದಲು ನೆರೆಯವಳಿಗೆ ಸಹಾಯ ಮಾಡುತ್ತಾಳೆ. ಸಾಬೂನಿನ ನೀರು, ರಬ್ಬರ್ ಕೊಳವೆ. ಕೈ ಪಳಗುತ್ತದೆ. ಆಮೇಲೆ ಹಣ ಬರುತ್ತದೆ, ಮನೆ ದೊಡ್ಡದಾಗುತ್ತದೆ, ಒಂದು ಕೋಣೆ ವೇಶ್ಯೆಯಾದ ಗೆಳತಿಗೆ ಬಾಡಿಗೆಗೆ ಹೋಗುತ್ತದೆ, ಹಾಡುಗಾರ್ತಿಯಾಗುವ ಹಳೆಯ ಆಸೆಗೆ ಪಾಠ ಶುರುವಾಗುತ್ತದೆ. ಮಾರಿಯ ಮುಖದಲ್ಲಿ ಕರುಣೆ ಇದೆಯೇ, ದುರಾಸೆ ಇದೆಯೇ ಎಂದು ಹುಡುಕಿದರೆ ಎರಡೂ ಸಿಗದೆ ಕೈಚೆಲ್ಲಬೇಕಾಗುತ್ತದೆ. ಕೈ ನೋಡಿದರೆ ಉತ್ತರ ಕಣ್ಣಮುಂದಿದೆ. ಕೆಲಸ ಬಲ್ಲವಳ ಚುರುಕು, ಮೊದಲ ಬಾರಿಗೆ ತನ್ನದೇ ದುಡಿಮೆಯ ಹಣ ಎಣಿಸುವವಳ ಖುಷಿ. ಒಳ್ಳೆಯದು ಕೆಟ್ಟದ್ದು ಎಂಬ ಲೆಕ್ಕ ಆ ಖುಷಿಯ ಹತ್ತಿರವೇ ಸುಳಿಯುವುದಿಲ್ಲ. ಇಂಥ ಖುಷಿಯನ್ನು ಒಬ್ಬ ಹೆಂಗಸಿನ ಮೇಲೆ ಅಪರಾಧದಂತೆ ಹೊರಿಸಬಲ್ಲ ಗಂಡಸರ ಲೋಕ ಗಿಲೊಟಿನ್ ತರುವುದು ಚಿತ್ರದ ಕೊನೆಯಲ್ಲಿ. ಅಷ್ಟರಲ್ಲಿ ನಾವೂ ಅವಳ ಲೆಕ್ಕದ ಪುಸ್ತಕದಲ್ಲಿ ಪಾಲುದಾರರಾಗಿರುತ್ತೇವೆ. ವೆನಿಸ್ ಉತ್ಸವ ಆ ವರ್ಷ ಆಕೆಗೆ ಶ್ರೇಷ್ಠ ನಟಿ ಪ್ರಶಸ್ತಿ ಕೊಟ್ಟಿತು.

1995ರ 'ಲಾ ಸೆರೆಮೊನಿ'ಯಲ್ಲಿ ಕೆಲಸ ಇನ್ನೂ ಸಣ್ಣದು, ಪರಿಣಾಮ ಇನ್ನೂ ಭಯಾನಕ. ರುತ್ ರೆಂಡೆಲ್ ಬರೆದ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯನ್ನು ಶಬ್ರೋಲ್ ಬ್ರಿಟನಿಗೆ ತಂದ. ಇಂಗ್ಲೆಂಡ್ ಇರುವ ಬ್ರಿಟನ್ ಅಲ್ಲ, ಫ್ರಾನ್ಸಿನ ಪಶ್ಚಿಮ ತುದಿಯದು. ಅಕ್ಷರ ಬಾರದ ಮನೆಗೆಲಸದವಳು ಸೋಫಿಯಾಗಿ ಸಾಂದ್ರಿನ್ ಬೊನೆರ್, ಊರಿನ ಅಂಚೆ ಕಚೇರಿಯ ಜಾನ್ ಆಗಿ ಯುಪೇರ್. ಎರಡು ಜಡೆ, ಬಾಯಿತುಂಬ ಮಾತು, ಯಾರದೋ ಪತ್ರ ಒಡೆದು ನೋಡುವ ಚಟ. ಓದಲು ಬಾರದವಳಿಗೂ ಊರಿನದೆಲ್ಲ ಓದುವವಳಿಗೂ ಗೆಳೆತನವಾಗುತ್ತದೆ. ಇಬ್ಬರೂ ಚರ್ಚಿನ ದತ್ತಿಸಂಸ್ಥೆಗಾಗಿ ಹಳೆಯ ಬಟ್ಟೆ ಸಂಗ್ರಹಿಸುವ ಸ್ವಯಂಸೇವಕಿಯರು. ಶ್ರೀಮಂತರು ದಾನವಾಗಿ ಕೊಟ್ಟ ಹರುಕುಮುರುಕನ್ನು ಜಾನ್ ವಿಂಗಡಿಸುತ್ತ, ಎತ್ತಿ ತೋರಿಸುತ್ತ, ಕೊಟ್ಟವರ ಮುಖಕ್ಕೇ ಎಸೆಯುವ ರೀತಿ ನೋಡಬೇಕು. ವರ್ಗದ್ವೇಷದ ಬಗ್ಗೆ ಬರೆದ ಎಷ್ಟೋ ಗ್ರಂಥಗಳು ಆ ಎಸೆತದ ಮುಂದೆ ಸಪ್ಪೆ. ಮುಂದೆ ಮನೆಯವರು ಟಿವಿಯಲ್ಲಿ ಮೊಜಾರ್ಟನ 'ಡಾನ್ ಜೊವಾನಿ' ನೋಡುತ್ತ ಕೂತಿರುವಾಗ ಇಬ್ಬರೂ ಬೇಟೆಯ ಬಂದೂಕು ಎತ್ತಿಕೊಳ್ಳುತ್ತಾರೆ. ಇದನ್ನು ಕೊನೆಯ ಮಾರ್ಕ್ಸ್‌ವಾದಿ ಚಿತ್ರ ಎಂದು ಶಬ್ರೋಲ್ ಚೇಷ್ಟೆ ಮಾಡಿದ್ದುಂಟು. ಚೇಷ್ಟೆಯಲ್ಲಿ ಮುಕ್ಕಾಲು ಪಾಲು ಸತ್ಯವಿದೆ. 2000ದ 'ಮೆರ್ಸಿ ಪೂರ್ ಲ ಶೊಕೊಲಾ'ದಲ್ಲಿ ಯುಪೇರ್ ಸ್ವಿಟ್ಜರ್‌ಲೆಂಡಿನ ಚಾಕೊಲೇಟ್ ಕಂಪನಿಯ ಒಡತಿ. ರಾತ್ರಿ ಎಲ್ಲರಿಗೂ ತಾನೇ ಬಿಸಿ ಚಾಕೊಲೇಟ್ ಕಾಯಿಸಿ ಕೊಡುತ್ತಾಳೆ, ಅದರೊಳಗೆ ನಿದ್ದೆಯ ಮದ್ದು ಬೆರೆಸಿ. ಕೊನೆಯ ದೃಶ್ಯದಲ್ಲಿ ಅವಳೇ ಹೆಣೆದ ಜೇಡರ ಬಲೆಯಂಥ ಹೊದಿಕೆಯ ಮುಂದೆ ಮುದುಡಿ ಮಲಗಿರುತ್ತಾಳೆ. ಪಾಮ್ ಹೆಣೆದ ದಾರ ಇಪ್ಪತ್ತಮೂರು ವರ್ಷಗಳ ಮೇಲೆ ಇಲ್ಲಿ ಬಂದು ಬಲೆಯಾಗಿದೆ.

ಇಲ್ಲೊಂದು ಆಕ್ಷೇಪ ಬಂದೇ ಬರುತ್ತದೆ. ಸಿನಿಮಾದ ಯಾವ ಪಾತ್ರಕ್ಕೆ ಉದ್ಯೋಗವಿಲ್ಲ? ನಾಯಕ ವಕೀಲ, ನಾಯಕಿ ವೈದ್ಯೆ, ಖಳ ಗುತ್ತಿಗೆದಾರ. ಇದರಲ್ಲಿ ಯುಪೇರ್‌ಗೆ ಮಾತ್ರ ವಿಶೇಷವೇನು? ವಿಶೇಷ ಇಷ್ಟೇ. ಬಹುಪಾಲು ಚಿತ್ರಗಳಲ್ಲಿ ಉದ್ಯೋಗ ಎಂಬುದು ಪಾತ್ರದ ಕೊರಳಿಗೆ ನೇತುಹಾಕಿದ ಗುರುತಿನ ಚೀಟಿ. ವೈದ್ಯೆ ಸ್ಟೆತಾಸ್ಕೋಪ್ ತೊಟ್ಟು ಬಂದು, ಪ್ರೇಮದ ಮಾತಾಡಿ ಹೋಗುತ್ತಾಳೆ. ಅವಳನ್ನು ಶಿಕ್ಷಕಿ ಮಾಡಿದರೂ ಸಂಭಾಷಣೆ ಬದಲಾಗುವುದಿಲ್ಲ. ಯುಪೇರ್‌ರ ಒಳ್ಳೆಯ ಚಿತ್ರಗಳಲ್ಲಿ ಕೆಲಸ ತೆಗೆದರೆ ಕಥೆ ಕುಸಿಯುತ್ತದೆ, ಜಾನ್ ಅಂಚೆಯವಳಲ್ಲದಿದ್ದರೆ ಕೊಲೆಯೇ ಇಲ್ಲ. ಇದನ್ನು ಎಲ್ಲರಿಗಿಂತ ಬಿಡಿಸಿ ನೋಡಿದವನು ನಿರ್ದೇಶಕ ಗೊದಾರ್. 1980ರ 'ಸೋವ್ ಕಿ ಪೂ'ದಲ್ಲಿ ಯುಪೇರ್ ವೇಶ್ಯೆ. ಒಬ್ಬ ಮಾಲೀಕ ತನ್ನ ಕಚೇರಿಯಲ್ಲಿ ಕಾಮವನ್ನೇ ಕಾರ್ಖಾನೆಯ ಜೋಡಣೆ ಸಾಲಿನಂತೆ ಏರ್ಪಡಿಸಿ, ಯಾರು ಯಾವಾಗ ಅಲುಗಬೇಕು, ಯಾವಾಗ ಸದ್ದು ಮಾಡಬೇಕು ಎಂದು ಆದೇಶ ಕೊಡುವ ದೃಶ್ಯವಿದೆ. ಅದನ್ನು ನೋಡಿ ಕಾಮ ಕೆರಳಿದವರು ಯಾರಾದರೂ ಇದ್ದರೆ ಅವರಿಗೊಂದು ನಮಸ್ಕಾರ. ಯುಪೇರ್ ಮುಖದಲ್ಲಿ ಅಲ್ಲಿ ಕಾಣುವುದು ಪಾಳಿ ಮುಗಿಯುವುದನ್ನು ಕಾಯುವ ಕಾರ್ಮಿಕಳ ಬೇಸರ. ಎರಡು ವರ್ಷದ ನಂತರ 'ಪ್ಯಾಸಿಯಾನ್'ನಲ್ಲಿ ಗೊದಾರ್ ಆಕೆಯನ್ನು ನೇರವಾಗಿ ಕಾರ್ಖಾನೆಗೇ ಕಳಿಸಿದ, ಕೆಲಸ ಕಳೆದುಕೊಂಡು ಹೋರಾಡುವ ಹುಡುಗಿಯಾಗಿ, ತೊದಲು ಮಾತಿನವಳಾಗಿ. ಮಾತು ತಡವರಿಸುತ್ತದೆ, ದೇಹ ತಡವರಿಸುವುದಿಲ್ಲ. ಆಕೆಯ ವೃತ್ತಿಗೇ ಇದೊಂದು ಟಿಪ್ಪಣಿಯಂತಿದೆ.

ಈಗ 'ಪಿಯಾನೊ ಟೀಚರ್'. ಎಲ್ಫ್ರೀಡ ಯೆಲಿನೆಕ್ ಕಾದಂಬರಿಯನ್ನು ಮಿಖಾಯೆಲ್ ಹಾನೆಕೆ 2001ರಲ್ಲಿ ಚಿತ್ರವಾಗಿಸಿದ. ಕಾನ್ ಉತ್ಸವ ಯುಪೇರ್‌ಗೂ ಸಹನಟ ಬೆನ್ವಾ ಮಜಿಮೆಲ್‌ಗೂ ಪ್ರಶಸ್ತಿ ಕೊಟ್ಟಿತು. ವಿಯೆನ್ನಾದ ಸಂಗೀತ ವಿದ್ಯಾಲಯದ ಅಧ್ಯಾಪಕಿ ಎರಿಕಾ ಕೊಹುತ್, ನಡುವಯಸ್ಸಿನಲ್ಲೂ ತಾಯಿಯ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವವಳು, ಕದ್ದು ಅಶ್ಲೀಲ ಚಿತ್ರ ನೋಡುವವಳು, ತನ್ನ ಮೈಯನ್ನು ತಾನೇ ಬ್ಲೇಡಿನಿಂದ ಕುಯ್ದುಕೊಳ್ಳುವವಳು. ಇಷ್ಟು ಹೇಳಿದರೆ ಸಾಕು, ವಿಕೃತಿಯ ಪಟ್ಟಿ ತಯಾರಾಗುತ್ತದೆ. ಚಿತ್ರದ ಹೆಸರು ಕೆಟ್ಟಿರುವುದೂ ಇದೇ ಪಟ್ಟಿಯಿಂದ. ಆದರೆ ಚಿತ್ರ ಹೇಗೆ ಶುರುವಾಗುತ್ತದೆ ನೋಡಿ. ಹೆಸರುಗಳ ಪಟ್ಟಿಯ ನಡುನಡುವೆ ಪಾಠದ ತುಣುಕುಗಳು, ಮೇಲಿಂದ ಕಾಣುವ ಪಿಯಾನೊದ ಮಣೆ, ಅದರ ಮೇಲೆ ಬೆರಳುಗಳು. ಹಾನೆಕೆಗೆ ಗೊತ್ತು, ಇದು ಕೈಗಳ ಕಥೆ ಎಂದು. ಪಾಠದ ದೃಶ್ಯಗಳಲ್ಲಿ ಎರಿಕಾ ಕ್ರೂರಿಯಂತೆ ಕಾಣುತ್ತಾಳೆ, ನಿಜ. ಜೊತೆಗೆ, ಅವಳು ಹೇಳುವುದೆಲ್ಲ ಸರಿ! ಶುಬರ್ಟನನ್ನು ಅಷ್ಟು ಬಲ್ಲವಳು ಇನ್ನೊಬ್ಬಳಿಲ್ಲ. ಕ್ಲೆಮರ್ ಎಂಬ ಯುವಕ ನುಡಿಸುವಾಗ ಅವಳ ಮುಖದಲ್ಲಿ ಒಂದು ನರ ಮಿಡಿಯುತ್ತದೆ, ಅಷ್ಟೇ. ಅವಳಿಗೆ ಪ್ರೇಮ ತಾಕಿದ್ದು ಕಿವಿಯ ದಾರಿಯಿಂದ, ವೃತ್ತಿಯ ದಾರಿಯಿಂದ. ಆಮೇಲೆ ಅವಳು ಅವನಿಗೆ ಬರೆಯುವ ಕುಖ್ಯಾತ ಪತ್ರ, ತನ್ನನ್ನು ಹೇಗೆ ಕಟ್ಟಬೇಕು, ಹೇಗೆ ಹೊಡೆಯಬೇಕು ಎಂಬ ಸೂಚನೆಗಳ ಸಾಲು. ನನಗೆ ಅದು ಪಾಠದ ಯೋಜನೆಯಂತೆ ಕೇಳಿಸುತ್ತದೆ. ಬದುಕಿಡೀ ಇನ್ನೊಬ್ಬರ ಬೆರಳಿಗೆ ಆದೇಶ ಕೊಟ್ಟವಳಿಗೆ ಪ್ರೀತಿಸಲು ಬೇರೆ ಭಾಷೆ ಬರುವುದಿಲ್ಲ. ಸಹಿಸಲಾಗದ ಇನ್ನೊಂದು ದೃಶ್ಯ ಬಟ್ಟೆ ತೂಗುಹಾಕುವ ಕೋಣೆಯದು. ಗಾಜಿನ ಲೋಟವನ್ನು ಬಟ್ಟೆಯಲ್ಲಿ ಸುತ್ತಿ, ಕಾಲಿನಿಂದ ಒಡೆದು, ಚೂರುಗಳನ್ನು ತನ್ನದೇ ವಿದ್ಯಾರ್ಥಿನಿಯ ಕೋಟಿನ ಜೇಬಿಗೆ ಸುರಿಯುತ್ತಾಳೆ. ಆ ಹುಡುಗಿಯ ಬಲಗೈ ಕುಯ್ದುಹೋಗುತ್ತದೆ, ಸಂಗೀತ ಸಭೆಯಲ್ಲಿ ಅವಳ ಜಾಗದಲ್ಲಿ ಎರಿಕಾ ನುಡಿಸಬೇಕಾಗುತ್ತದೆ. ಕೊನೆಗೆ ಸಭಾಂಗಣದ ಮೊಗಸಾಲೆಯಲ್ಲಿ ನಿಂತು, ಅಡುಗೆಮನೆಯ ಚೂರಿಯನ್ನು ಹೆಗಲಿನ ಬಳಿ ತಾನೇ ಚುಚ್ಚಿಕೊಂಡು, ನುಡಿಸದೆಯೇ ಹೊರಗೆ ನಡೆದುಬಿಡುತ್ತಾಳೆ. ಆ ಕ್ಷಣದ ಮುಖಭಂಗಿಯನ್ನು ಎಲ್ಲರೂ ಕೊಂಡಾಡುತ್ತಾರೆ. ಅವಳು ಬಿಟ್ಟುಹೋದದ್ದು ಕೆಲಸವನ್ನು ಎಂಬುದನ್ನು ಮರೆತರೆ ಆ ಭಂಗಿ ಬರೀ ಹಲ್ಲುಕಚ್ಚಿದ ನೋವಾಗಿ ಉಳಿಯುತ್ತದೆ.

ವಾದಕ್ಕೆ ಎದುರಾಗಿ ನಿಲ್ಲಿಸಬಹುದಾದ ಚಿತ್ರಗಳಿವೆ. ಮೊದಲನೆಯದು 1978ರ 'ವಿಯೊಲೆತ್ ನೊಜಿಯೇರ್', ಆಕೆಗೆ ಕಾನ್‌ನಲ್ಲಿ ಮೊದಲ ಪ್ರಶಸ್ತಿ ತಂದದ್ದು. 1933ರಲ್ಲಿ ತಂದೆತಾಯಿಗೆ ವಿಷವಿಕ್ಕಿ, ತಂದೆಯನ್ನು ಕೊಂದ ಹುಡುಗಿಯ ನಿಜಕಥೆ. ವಿಯೊಲೆತ್ ದುಡಿಯುವವಳಲ್ಲ, ಸೋಮಾರಿ, ಸುಳ್ಳುಗಾರ್ತಿ. ಒಪ್ಪಿದೆ. ಆದರೆ ಅವಳ ಸುಳ್ಳೇ ಎಂಥ ಶ್ರಮದ ಕಸುಬು! ಮನೆಯಿಂದ ಸಭ್ಯ ಹುಡುಗಿಯಾಗಿ ಹೊರಟು ಬೀದಿಯಲ್ಲಿ ಬೇರೆಯವಳಾಗುವುದು, ಮರಳುವಾಗ ತುಟಿಯ ಬಣ್ಣ ಒರೆಸಿ ಮತ್ತೆ ಮಗಳಾಗುವುದು, ಪುಡಿಯನ್ನು ಔಷಧಿಯೆಂದು ಅಳೆದು ಲೋಟಗಳಿಗೆ ಹಾಕುವುದು. ಚಿತ್ರ ಜೀವಂತವಾಗಿರುವುದು ಈ ಕೈಚಳಕದಲ್ಲಿ. ಎರಡನೆಯದು 1991ರ 'ಮದಾಮ್ ಬೊವರಿ', ಅದು ನನ್ನ ವಾದಕ್ಕೆ ಎದುರಾಗುವ ಬದಲು ನೆರವಿಗೇ ಬರುತ್ತದೆ. ಅದೇ ಶಬ್ರೋಲ್, ಅದೇ ಯುಪೇರ್, ಫ್ಲೋಬೇರನ ಜಗತ್ಪ್ರಸಿದ್ಧ ನಾಯಕಿ, ಆದರೂ ಚಿತ್ರ ಒಳ್ಳೆಯ ಇಸ್ತ್ರಿ ಮಾಡಿದ ಬಟ್ಟೆಯಂತೆ ನೇತಾಡುತ್ತದೆ. ಎಮ್ಮಾಗೆ ಮಾಡಲು ಏನೂ ಇಲ್ಲ, ಅದೇ ಅವಳ ರೋಗ. ಕಾದಂಬರಿಯಲ್ಲಿ ಆ ಖಾಲಿತನವನ್ನು ಫ್ಲೋಬೇರನ ವಾಕ್ಯಗಳು ತುಂಬುತ್ತವೆ; ಪರದೆಯ ಮೇಲೆ ಅದು ನಟಿಯ ಮುಖದ ಮೇಲೆ ಬೀಳುತ್ತದೆ, ಯುಪೇರ್‌ರ ಮುಖ ಖಾಲಿತನವನ್ನು ಹೊರಲು ಒಪ್ಪುವುದಿಲ್ಲ. ಆರ್ಸೆನಿಕ್‌ಗೆ ಕೈ ಹಾಕುವ ಹೊತ್ತಿಗೆ ಚಿತ್ರಕ್ಕೆ ಒಮ್ಮೆಲೇ ಉಸಿರು ಬರುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಈಚಿನ ವರ್ಷಗಳ ಕೆಲವು ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. 2018ರ 'ಗ್ರೆಟಾ'ದಂಥವು ಯುಪೇರ್ ಎಂದರೆ ಭಯ ಹುಟ್ಟಿಸುವ ನಗು ಎಂಬ ಖ್ಯಾತಿಯನ್ನು ಬಾಡಿಗೆಗೆ ತಂದು ಚಲಾಯಿಸಿದವು.

ಕೆಲಸದ ಮಾತು ಬಂದ ಕೂಡಲೇ ಕನ್ನಡದ ಕಿವಿಗೆ ಕಾಯಕ ಎಂಬ ಪದ ಕೇಳಿಸುವುದು ಸಹಜ, ಅದರ ಜೊತೆ ಹನ್ನೆರಡನೆಯ ಶತಮಾನದಿಂದ ಅಂಟಿಕೊಂಡು ಬಂದ ಪಾವಿತ್ರ್ಯವೂ. ಹಾಗಾದರೆ ಇದು ಶ್ರಮಜೀವಿಯ ಗುಣಗಾನವೇ ಎಂದು ಯಾರಾದರೂ ಕೇಳಿದರೆ, ಅಲ್ಲ. ಈ ಚಿತ್ರಗಳಲ್ಲಿ ಕೈ ಕೆಸರಾದವರ ಬಾಯಿಗೆ ಮೊಸರು ಬರುವುದಿಲ್ಲ, ಕೆಸರೂ ಶುದ್ಧವಾದ ಕೆಸರಲ್ಲ. ಕ್ಲೇರ್ ದೆನಿ ಅವರ 2009ರ 'ವೈಟ್ ಮೆಟೀರಿಯಲ್' ಇದಕ್ಕೆ ಪುರಾವೆ. ಹೆಸರು ಹೇಳದ ಆಫ್ರಿಕನ್ ದೇಶ, ಅಂತರ್ಯುದ್ಧ, ಫ್ರೆಂಚ್ ಸೇನೆಯ ಹೆಲಿಕಾಪ್ಟರ್ ಮೇಲಿಂದ ಕೂಗಿ ಹೊರಡಿ ಎನ್ನುತ್ತದೆ. ಮರಿಯಾ ವಿಯಾಲ್ ಹೊರಡುವುದಿಲ್ಲ, ಕಾಫಿ ಹಣ್ಣಾಗಿದೆ, ಕೊಯ್ಲಿಗೆ ಕೆಲವೇ ದಿನ ಬಾಕಿ. ಕೊಯ್ಲಿನ ಹೊತ್ತಿನಲ್ಲಿ ಆಳು ಸಿಗದ ಕಳವಳ ಏನೆಂದು ಕೊಡಗು ಚಿಕ್ಕಮಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಕಳವಳ ಮರಿಯಾಳನ್ನು ಕುರುಡಿಯಾಗಿಸಿದೆ. ಆಳುಗಳನ್ನು ಹುಡುಕಿಕೊಂಡು ಹೋಗುತ್ತಾಳೆ, ದಾರಿಯಲ್ಲಿ ಬಂದೂಕು ಹಿಡಿದ ಹುಡುಗರಿಗೆ ಹಣ ತೆರುತ್ತಾಳೆ, ಬಸ್ಸಿನ ಹಿಂದಿನ ಏಣಿಗೆ ಜೋತುಬಿದ್ದು ಸಾಗುತ್ತಾಳೆ. ಅವಳ ದುಡಿಮೆ ಅಪ್ಪಟ, ಅವಳ ಒಡೆತನ ಅನ್ಯಾಯದ್ದು. ಎರಡನ್ನೂ ಬೇರ್ಪಡಿಸಲು ಅವಳಿಗೂ ಬರುವುದಿಲ್ಲ, ನಮಗೂ ಬಿಡುವುದಿಲ್ಲ. ನೆಲ ತನ್ನದೆಂದು ನಂಬಲು ಅವಳಿಗಿರುವ ಒಂದೇ ಆಧಾರ ತಾನು ಅದರಲ್ಲಿ ದುಡಿದಿದ್ದೇನೆ ಎಂಬುದು, ವಸಾಹತುಶಾಹಿಯ ಹಳೆಯ ಸುಳ್ಳುಗಳಲ್ಲಿ ಅದೇ ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾಗಿ ಕಾಣುವ ಸುಳ್ಳು. ಇಂಥ ಪಾತ್ರವನ್ನು ಬೇರೆ ನಟಿ ಮಾಡಿದ್ದರೆ ಧೀರೆಯೋ ಮೂರ್ಖಳೋ ಆಗಿಬಿಡುತ್ತಿದ್ದಳು.

2016ರಲ್ಲಿ ಬಂದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಪಾಲ್ ವೆರ್ಹೂವೆನ್ ನಿರ್ದೇಶಿಸಿದ 'ಎಲ್' ಆಕೆಯನ್ನು ಆಸ್ಕರ್ ನಾಮನಿರ್ದೇಶನದವರೆಗೆ ಒಯ್ದಿತು, ಎರಡನೆಯ ಸೆಸಾರ್ ಪ್ರಶಸ್ತಿಯನ್ನೂ ತಂದಿತು. ಅತ್ಯಾಚಾರದಿಂದಲೇ ಶುರುವಾಗುವ ಚಿತ್ರ. ಮುಂದಿನ ಕ್ಷಣದಲ್ಲಿ ಮಿಶೆಲ್ ಒಡೆದ ಪಿಂಗಾಣಿ ಗುಡಿಸುತ್ತಾಳೆ, ಸ್ನಾನ ಮಾಡುತ್ತಾಳೆ, ಫೋನಿನಲ್ಲಿ ಸುಶಿ ತರಿಸುತ್ತಾಳೆ, ಕಚೇರಿಗೆ ಹೋಗಿ ತನ್ನ ಕಂಪನಿಯ ವಿಡಿಯೊ ಗೇಮಿನಲ್ಲಿ ಏನು ಸಾಲದು ಎಂದು ಹುಡುಗರಿಗೆ ಹೇಳುತ್ತಾಳೆ. ಆಘಾತಕ್ಕೊಳಗಾದವಳು ಹೀಗಿರುತ್ತಾಳೆಯೇ ಎಂದು ಅನೇಕರು ಸಿಟ್ಟಾದರು, ಆ ಸಿಟ್ಟಿಗೆ ಕಾರಣವಿದೆ. ಚಿತ್ರದ ಮುಂದಿನ ತಿರುವುಗಳನ್ನು ನಾನೂ ಪೂರಾ ಒಪ್ಪಲಾರೆ, ಅಲ್ಲಿ ವೆರ್ಹೂವೆನ್‌ನ ತುಂಟತನ ಕೆಲವೊಮ್ಮೆ ಮಿತಿ ಮೀರುತ್ತದೆ. ಆದರೆ ಗುಡಿಸುವ ಆ ದೃಶ್ಯ ಸುಳ್ಳಲ್ಲ. ಅಳದವಳಿಗೆ ನೋವಿಲ್ಲ ಎಂದು ತೀರ್ಪು ಕೊಡುವವರು ಸಾವಿನ ಮನೆಗಳಲ್ಲಿ ಒಲೆ ಹಚ್ಚಿದ ಹೆಂಗಸರನ್ನು ನೋಡಿರಲಾರರು. ಮಿಯಾ ಹಾನ್ಸನ್-ಲವ್ ಅವರ 'ಲಾವನಿರ್'ನಲ್ಲಿ ಹಿಂಸೆಯಿಲ್ಲ, ಬರೀ ನಷ್ಟಗಳಿವೆ. ತತ್ತ್ವಶಾಸ್ತ್ರದ ಅಧ್ಯಾಪಕಿ ನತಾಲಿಯನ್ನು ಗಂಡ ಬಿಟ್ಟುಹೋಗುತ್ತಾನೆ, ತಾಯಿ ಸಾಯುತ್ತಾಳೆ, ಪ್ರಕಾಶಕರು ಅವಳ ಪಠ್ಯಪುಸ್ತಕಕ್ಕೆ ಬಣ್ಣದ ಹೊದಿಕೆ ಬೇಕೆನ್ನುತ್ತಾರೆ. ಗಂಡ ಹೋಗುವಾಗ ಅವಳು ಟಿಪ್ಪಣಿ ಬರೆದಿಟ್ಟ ಪುಸ್ತಕಗಳನ್ನೂ ಕೊಂಡುಹೋಗಿದ್ದಾನೆ. ಕಪಾಟಿನ ಖಾಲಿ ಜಾಗ ನೋಡಿ ಅವಳಿಗಾಗುವ ಸಿಟ್ಟು ಗಂಡ ಹೋದುದಕ್ಕಿಂತ ಜೋರು! ತಾಯಿ ಉಳಿಸಿಹೋದ ದಪ್ಪನೆಯ ಬೆಕ್ಕನ್ನು ಬುಟ್ಟಿಯಲ್ಲಿ ಹೊತ್ತು ಅಲೆಯುತ್ತಾಳೆ. ತರಗತಿಗೆ ಹೋಗುತ್ತಾಳೆ, ಪಾಠ ಮಾಡುತ್ತಾಳೆ, ಮತ್ತೆ ಹೋಗುತ್ತಾಳೆ. 'ಎಲ್' ಚಿತ್ರದ ಮಿಶೆಲ್‌ಗೂ ಈ ನತಾಲಿಗೂ ನಡೆಯುವ ವೇಗ ಒಂದೇ, ಚೀಲ ಹಿಡಿಯುವ ರೀತಿಯೂ ಬಹುಶಃ ಒಂದೇ. ಒಬ್ಬಳನ್ನು ತಣ್ಣಗಿನವಳು ಎಂದೂ ಇನ್ನೊಬ್ಬಳನ್ನು ಆರ್ದ್ರಳು ಎಂದೂ ಕರೆದೆವು. ಎರಡು ಪಟ್ಟಿಗಳಲ್ಲಿ ಹಂಚಿಟ್ಟು ಎರಡನ್ನೂ ಶ್ರೇಷ್ಠ ಎಂದೆವು. ನನ್ನ ಪಟ್ಟಿಯಲ್ಲಿ 'ಲಾವನಿರ್' ಒಂದು ಮೆಟ್ಟಿಲು ಮೇಲೆ.

ಈ ಹಿರಿಮೆಯೆಲ್ಲ ನಿರ್ದೇಶಕರದೇ ತಾನೇ ಎಂಬ ಕೊನೆಯ ಆಕ್ಷೇಪವನ್ನು ಬೇಗ ಮುಗಿಸಬಹುದು. ಗೊರೆತ್ತಾ ಸ್ವಿಸ್, ಹಾನೆಕೆ ಆಸ್ಟ್ರಿಯನ್, ವೆರ್ಹೂವೆನ್ ಡಚ್, ದೆನಿ ಬಾಲ್ಯ ಕಳೆದದ್ದು ಆಫ್ರಿಕಾದಲ್ಲಿ, ಹಾನ್ಸನ್-ಲವ್ ಮಗಳ ವಯಸ್ಸಿನವರು. ಇವರ ನಡುವೆ ಶೈಲಿಯ ನಂಟಿಲ್ಲ, ಇವರೆಲ್ಲರಲ್ಲೂ ಸಮಾನವಾಗಿರುವುದು ಒಬ್ಬ ನಟಿ. ಹಾನೆಕೆಯೇ ಇದಕ್ಕೆ ಉಲ್ಟಾ ಸಾಕ್ಷಿಯೊಂದನ್ನೂ ಒದಗಿಸಿದ್ದಾನೆ. 2012ರ 'ಆಮೂರ್'ನಲ್ಲಿ ಪಾರ್ಶ್ವವಾಯು ಬಡಿದ ಹೆಂಡತಿಯನ್ನು ಮುದಿ ಗಂಡ ಎತ್ತುತ್ತಾನೆ, ತೊಳೆಯುತ್ತಾನೆ, ಉಣಿಸುತ್ತಾನೆ. ಎಮ್ಮಾನ್ಯುಯೆಲ್ ರಿವಾ, ಜಾನ್-ಲೂಯಿ ತ್ರಾಂತಿನ್ಯಾನ್, ಇಬ್ಬರದೂ ಎಂಬತ್ತು ದಾಟಿದ ದೇಹಗಳು. ಯುಪೇರ್ ಅವರ ಮಗಳು ಏವಾ. ಆಗಾಗ ಬರುತ್ತಾಳೆ, ಅಳುತ್ತಾಳೆ, ಏನಾದರೂ ಮಾಡಬೇಕು ಎನ್ನುತ್ತಾಳೆ, ಮಾತು ಬಾರದ ತಾಯಿಯ ಹಾಸಿಗೆಯ ಪಕ್ಕ ಕೂತು ಮನೆ ಕೊಳ್ಳುವ, ಬಡ್ಡಿಯ ಲೆಕ್ಕ ಹೇಳುತ್ತಾಳೆ. ಇಡೀ ಚಿತ್ರದಲ್ಲಿ ಮಾಡಲು ಕೆಲಸವಿಲ್ಲದಿರುವುದು ಅವಳೊಬ್ಬಳಿಗೆ, ಆ ಮನೆಯಲ್ಲಿ ಅತ್ತು ಕಣ್ಣು ತೇವಮಾಡಿಕೊಳ್ಳುವವಳೂ ಅವಳೇ. ಕೊನೆಯ ದೃಶ್ಯದಲ್ಲಿ ಇಬ್ಬರೂ ಇಲ್ಲದ ಮನೆಗೆ ಏವಾ ಒಂಟಿಯಾಗಿ ಬರುತ್ತಾಳೆ. ಬಾಗಿಲುಗಳೆಲ್ಲ ತೆರೆದಿವೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದು, ಕುರ್ಚಿಯೊಂದರಲ್ಲಿ ಕೂರುತ್ತಾಳೆ. ಎತ್ತಲು, ತೊಳೆಯಲು, ಮುಚ್ಚಿಡಲು ಅಲ್ಲಿ ಏನೂ ಉಳಿದಿಲ್ಲ.